ಕೇಳುವವರು

‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ವಿದ್ಯಾರ್ಥಿಗಳಿಗೆ ಕೊಡುವುದು ಕನ್ನಡ ಅಧ್ಯಾಪಕರ ಹಳೆಯ ಚಾಳಿ. ನಾನೂ ಬಹುಕಾಲದಿಂದ ಕೊಡುತ್ತ ಬಂದಿದ್ದೇನೆ. ಬಂದ ಉತ್ತರಗಳಿಗೆ ಐದಕ್ಕೆ ಮೂರು ಅಂಕ ಹಾಕಿ ಕೃತಾರ್ಥನಾಗಿದ್ದೇನೆ. ಆದರೆ ಆ ಗಾದೆಯ ಅರ್ಥ ನನಗೆ ನಿಜವಾಗಿ ಆದದ್ದು ಕಳೆದ ದಸರೆಯ ರಜೆಯಲ್ಲಿ. ನಾಲ್ಕೂವರೆ ವರ್ಷದ ನನ್ನ ಮಗನ ಎಡಗೆನ್ನೆಯ ಮೇಲೆ ಪರರ ಕೈಯ ಬೆರಳುಗಳು ಮೂಡಿದ್ದನ್ನು ಕಂಡಾಗ. ಹೆಗ್ಗಣವೋ ಹೊನ್ನಗಿಣಿಯೋ, ನನ್ನ ಕೂಸಿನ ಮೇಲೆ ಕೈಮಾಡಲು ಇನ್ನೊಬ್ಬರು ಯಾರು ಎಂಬ ಒಂದೇ ಮಾತು ಆಗ ತಲೆಯಲ್ಲಿ ಕುದಿಯಿತು.

ಹುಲಿಹೈದರ ನನ್ನ ಊರು. ಕೊಪ್ಪಳ ಜಿಲ್ಲೆಯ ಒಂದು ಹೋಬಳಿ ಗ್ರಾಮ. ಮೊದಲು ಗಂಗಾವತಿ ತಾಲೂಕಿನಲ್ಲಿದ್ದು ಈಗ ಕನಕಗಿರಿ ತಾಲೂಕಿಗೆ ಸೇರಿದೆ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತನ್ನು ಕೇಳಿ ಬರುವ ಯಾತ್ರಿಕರು ಕನಕಾಚಲಪತಿಯ ಗುಡಿಯನ್ನು ನೋಡಿ ಹಿಂದಿರುಗುತ್ತಾರೆ. ನಮ್ಮ ಊರಿನವರೆಗೆ ಬರುವ ಕಾರಣ ಅವರಿಗಿಲ್ಲ. ಉದ್ಯೋಗದ ನಿಮಿತ್ತ ನಾನು ಗಂಗಾವತಿಯಲ್ಲಿದ್ದೇನೆ. ಅವ್ವ ಊರು ಬಿಟ್ಟು ಬರಲೊಲ್ಲಳು. ಆದ್ದರಿಂದ ರಜೆ ಬಂದೊಡನೆ ಹೆಂಡತಿ ಮಕ್ಕಳೊಡನೆ ನಾವೇ ಅಲ್ಲಿಗೆ ಹೋಗುವುದು. ಗಂಗಾವತಿಯ ಬಾಡಿಗೆ ಮನೆಯಲ್ಲಿ ಕಬ್ಬಿಣದ ಬಾಗಿಲಿನ ಒಳಗೆ ಆಡಿಕೊಂಡಿರುವ ಹುಡುಗನಿಗೆ ಹುಲಿಹೈದರದ ಓಣಿಯೆಂದರೆ ಬಯಲಿಗೆ ಬಿಟ್ಟ ಕರುವಿನ ಸಂಭ್ರಮ. ಬೆಳಗಿನ ರೊಟ್ಟಿ ತಿಂದು ಹೊರಬಿದ್ದರೆ ಹಸಿವಾದಾಗಲೇ ಮನೆಯ ನೆನಪು.

ಅಂದು ಹಸಿವಾಗುವ ಹೊತ್ತಿಗೆ ಮುಂಚೆಯೇ ಬಂದನು. ಬಂದವನು ಅಡುಗೆಮನೆಗೆ ಹೋಗದೆ, ನನ್ನ ಬಳಿಗೂ ಬಾರದೆ, ಪಡಸಾಲೆಯ ಜೋಳದ ಚೀಲಗಳ ಹಿಂದೆ ಹೋಗಿ ಕುಳಿತನು. ಅಳಲಿಲ್ಲ. ಸಂಗತಿಯನ್ನು ತಿಳಿಸಿದವಳು ಅವನ ಹಿಂದೆಯೇ ಓಡಿಬಂದ ಪಕ್ಕದ ಮನೆಯ ಹುಡುಗಿ. ಆಚೆಯ ಓಣಿಯ ಮೂರು ವರ್ಷದ ಮಗುವೊಂದಕ್ಕೆ ಇವನು ಕಲ್ಲು ಬೀಸಿದ್ದನಂತೆ. ಹುಬ್ಬಿನ ಮೇಲೆ ರಕ್ತ ಬಂದಿತಂತೆ. ಆ ಮಗುವಿನ ತಂದೆ ಬಂದು, ‘ಯಾರ ಮಗನೋ ನೀನು’ ಎಂದು ಹೊಡೆದು ಅಟ್ಟಿದನಂತೆ. ಕಟ್ಟೆಯ ಮೇಲೆ ಕುಳಿತವರೆಲ್ಲ ನಕ್ಕರಂತೆ.

ನಾನು ಎದ್ದು ಚಪ್ಪಲಿ ಮೆಟ್ಟಿದೆನು. ನಾಲ್ಕು ಜನ ಮರ್ಯಾದೆ ಕೊಡುವ ಉದ್ಯೋಗದಲ್ಲಿರುವವನು, ತರಗತಿಯಲ್ಲಿ ಸಂಯಮದ ಸೊಬಗನ್ನು ಕುರಿತು ಗಂಟೆಗಟ್ಟಲೆ ಮಾತನಾಡುವವನು, ಆ ಕ್ಷಣದಲ್ಲಿ ಏನು ಮಾಡುತ್ತಿದ್ದೆನೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಹೊಸ್ತಿಲಲ್ಲಿ ತಡೆದವಳು ಅವ್ವ.

“ಎಲ್ಲಿಗೆ ಹೊಂಟಿ? ಮೊದಲ ಕೂಸಿನ್ನ ಕೇಳು,” ಎಂದಳು. “ನಿಮ್ಮಪ್ಪ ನಿನ್ನ ಕೇಳಲಿಲ್ಲ. ನೀನರ ಕೇಳು.”

ಅವ್ವ ನೆನೆದದ್ದು ಯಾವುದನ್ನೆಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನನಗಾಗ ಏಳು ವರ್ಷ. ಊರ ಹಿರಿಯರೊಬ್ಬರ ಹೊಲದ ಹುಣಸೆಮರಕ್ಕೆ ಹುಡುಗರ ದಂಡು ಹತ್ತಿತ್ತು. ನಾನು ಹತ್ತಿರಲಿಲ್ಲ, ಕೆಳಗೆ ನಿಂತು ನೋಡುತ್ತಿದ್ದೆನು. ಹತ್ತಿದವರು ಹಾರಿ ಓಡಿದರು, ನಿಂತವನು ಸಿಕ್ಕಿಬಿದ್ದೆನು. ಆ ಹಿರಿಯರು ಕಿವಿ ಹಿಂಡಿ, ಬೆನ್ನಿಗೆ ಎರಡು ಬಿಗಿದು, ಮನೆಯವರೆಗೆ ಎಳೆದು ತಂದರು. ಅಪ್ಪ ಒಂದು ಮಾತನ್ನೂ ಕೇಳಲಿಲ್ಲ. ಊರವರ ಬಾಯಲ್ಲಿ ಮಗನ ಹೆಸರು ಬಂದಿತೆಂಬುದೇ ಸಾಕಾಗಿತ್ತು. ಅವರ ಎದುರಿಗೇ ನನ್ನನ್ನು ಮತ್ತೆ ಹೊಡೆದನು. ಆ ಹಿರಿಯರ ಪೆಟ್ಟನ್ನು ನಾನು ಎಂದೋ ಮರೆತೆನು. ಮುಂದೆ ಅವರ ಹೊಲದಲ್ಲಿಯೇ ಸೀತನಿ ತಿಂದೆನು. ಅಪ್ಪನ ಪೆಟ್ಟನ್ನು ಮರೆಯಲಾಗಲಿಲ್ಲ. ಅಪ್ಪ ಒಳ್ಳೆಯವನು, ಹೊಟ್ಟೆಬಟ್ಟೆ ಕಟ್ಟಿ ನನ್ನನ್ನು ಎಂ.ಎ.ವರೆಗೆ ಓದಿಸಿದವನು. ಆದರೂ ಅವನು ತೀರಿಕೊಂಡ ದಿನ, ಎಲ್ಲ ನೆನಪುಗಳ ನಡುವೆ ಇದೂ ಒಂದು ಮುಳ್ಳಿನಂತೆ ಮೇಲೆದ್ದು ಬಂದಿತು. ಒಂದು ಪೆಟ್ಟು ತಪ್ಪು ತಿಳಿವಳಿಕೆಯಿಂದ ಬಿದ್ದುದು. ಇನ್ನೊಂದು, ತಿಳಿದುಕೊಳ್ಳುವ ಗೋಜಿಗೇ ಹೋಗದೆ ಬಿದ್ದುದು.

ನಾನು ಚಪ್ಪಲಿ ಕಳಚಿ ಚೀಲಗಳ ಹಿಂದೆ ಹೋಗಿ ಕುಳಿತೆನು. ಬಹಳ ಹೊತ್ತಿನ ಮೇಲೆ ಹುಡುಗ ಬಾಯಿಬಿಟ್ಟನು. ಬಿಟ್ಟ ಮೊದಲ ಮಾತು, “ನೀನೂ ಹೊಡೀತೀಯೇನು?” ಎಂದು. ಅನ್ಯರ ಮೇಲಿನ ದೂರಲ್ಲ, ನೋವಿನ ಮಾತಲ್ಲ. ಎರಡನೆಯ ಪೆಟ್ಟಿನ ಭಯ. ನಾನು ಅವನಿಗೆ ಎಂದೂ ಹೊಡೆದವನಲ್ಲ. ಆದರೂ ಹೊರಗೆ ಪೆಟ್ಟು ತಿಂದವನಿಗೆ ಮನೆಯಲ್ಲಿಯೂ ಉಂಟೆಂಬ ಈ ಸಂಪ್ರದಾಯ ಅವನಿಗೆ ಹೇಗೆ ತಿಳಿಯಿತೋ! ಹೊಡೆಯುವುದಿಲ್ಲವೆಂದು ಮಾತು ಕೊಟ್ಟ ಮೇಲೆ ಕಥೆ ಬಂದಿತು. ಕಟ್ಟಿಗೆಯ ಎತ್ತೊಂದನ್ನು ಅವ್ವ ಅವನಿಗೆ ಕೊಡಿಸಿದ್ದಳು. ಸಣ್ಣವನು ಅದನ್ನು ಕಸಿದುಕೊಂಡು ಕೊಡಲೊಲ್ಲದೆ ಓಡಿದನು. ಇವನು ಕಲ್ಲೆತ್ತಿ ಬೀಸಿದನು. “ರಕ್ತ ಬರ್ತದಂತ ನನಗ ಗೊತ್ತಿರಲಿಲ್ಲ,” ಎಂದು ಹೇಳಿ, ಆಗ ಅತ್ತನು.

ಕನ್ನಡದ ‘ಕೇಳು’ ಎಂಬ ಧಾತುವಿನ ಮೇಲೆ ಆ ಸಂಜೆಯಿಂದ ನನಗೆ ಹೊಸ ಗೌರವ ಬಂದಿದೆ. ಪ್ರಶ್ನಿಸುವುದೂ ಕೇಳುವುದೇ, ಆಲಿಸುವುದೂ ಕೇಳುವುದೇ. ಎರಡು ಕ್ರಿಯೆಗಳಿಗೆ ಒಂದೇ ಪದವನ್ನಿಟ್ಟ ನಮ್ಮ ಪೂರ್ವಿಕರು, ಆಲಿಸುವ ಮನಸ್ಸಿಲ್ಲದವನಿಗೆ ಪ್ರಶ್ನಿಸುವ ಅಧಿಕಾರವಿಲ್ಲವೆಂದು ಸೂಚಿಸಿದರೋ ಏನೋ. ಮೂರನೆಯ ಅರ್ಥವೊಂದುಂಟು. ಅನ್ಯಾಯಕ್ಕೊಳಗಾಗಿ ದಿಕ್ಕಿಲ್ಲದೆ ನಿಂತವನನ್ನು ಕಂಡು ‘ಪಾಪ, ಅವನಿಗೆ ಕೇಳುವವರಿಲ್ಲ’ ಎನ್ನುತ್ತೇವಲ್ಲವೆ? ಅಲ್ಲಿ ಕೇಳುವವನೆಂದರೆ ಪರವಾಗಿ ನಿಲ್ಲುವವನು. ಪರರಿಂದ ಪೆಟ್ಟು ತಿಂದು ಬಂದ ಮಗುವಿಗೆ ತಂದೆತಾಯಿಗಳು ಈ ಮೂರು ಅರ್ಥಗಳಲ್ಲಿಯೂ, ಇದೇ ಕ್ರಮದಲ್ಲಿಯೂ ಕೇಳುವವರಾಗಬೇಕೆಂದು ನನಗೆ ತೋರುತ್ತದೆ. ಮೊದಲೆರಡನ್ನು ಬಿಟ್ಟು ಮೂರನೆಯದಕ್ಕೆ ಹಾರಿದರೆ ಅದು ಬೀದಿಯ ಜಗಳ. ಮೂರನೆಯದನ್ನು ಬಿಟ್ಟು ಮೊದಲನೆಯದಕ್ಕೇ ನಿಂತರೆ ಅದು ಕಚೇರಿಯ ವಿಚಾರಣೆ.

ನಮ್ಮ ಪುರಾಣಗಳಲ್ಲಿ ಈ ಪ್ರಸಂಗದ ಮಾದರಿ ಇಲ್ಲದಿಲ್ಲ. ಪುರಂದರದಾಸರೇ ಮೊದಲಾದವರ ಪದಗಳಲ್ಲಿ ಗೋಕುಲದ ಗೋಪಿಯರು ಕೃಷ್ಣನ ಮೇಲೆ ತರುವ ದೂರುಗಳಿಗೆ ಲೆಕ್ಕವಿಲ್ಲ. ಅವರೂ ಮಕ್ಕಳೊಂದಿಗರು; ಬೆಣ್ಣೆ ಕಳೆದುಕೊಂಡವರು, ಗಡಿಗೆ ಒಡೆಸಿಕೊಂಡವರು. ಆದರೂ ಅವರು ದೂರನ್ನು ಯಶೋದೆಯ ಹೊಸ್ತಿಲಿಗೆ ತರುತ್ತಾರೆ. ತೀರ್ಪನ್ನು ತಾಯಿಗೆ ಬಿಡುತ್ತಾರೆ. ಭಾಗವತದಲ್ಲಿ ಮಣ್ಣು ತಿಂದನೆಂದು ಗೆಳೆಯರೂ ಅಣ್ಣನೂ ಬಂದು ಹೇಳಿದಾಗ ಯಶೋದೆ ಮಗನ ಕೈ ಹಿಡಿದು ಗದರಿಸಿದಳು, ನಿಜ. ಆದರೆ ಏಕೆ ತಿಂದೆಯೆಂದು ಕೇಳಿದಳು, ತಿಂದಿಲ್ಲವೆಂದಾಗ ಬಾಯಿ ತೆರೆಯೆಂದಳು. ಕೇಳಿದ್ದರಿಂದ ಬಾಯಿ ತೆರೆಯಿತು. ಬಾಯಿ ತೆರೆದುದರಿಂದ ಬ್ರಹ್ಮಾಂಡ ಕಂಡಿತು. ಕಪಾಳಕ್ಕೆ ಹೊಡೆದಿದ್ದರೆ ಹಲ್ಲಿನ ಮೇಲಿನ ಮಣ್ಣಷ್ಟೇ ಕಾಣುತ್ತಿತ್ತು.

ಐದು ವರ್ಷ ಲಾಲಿಸು, ಹತ್ತು ವರ್ಷ ದಂಡಿಸು, ಹದಿನಾರಾದಾಗ ಮಿತ್ರನಂತೆ ಕಾಣು ಎಂಬ ಅರ್ಥದ ಸಂಸ್ಕೃತ ಸುಭಾಷಿತವನ್ನು ಹಿರಿಯರು ಉದ್ಧರಿಸುವುದುಂಟು. ನಡುವಿನ ಹತ್ತು ವರ್ಷಗಳ ಮಾತನ್ನು ನಾನು ಒಪ್ಪಲಾರೆನು. ಆದರೆ ದಂಡವನ್ನು ಹೊಗಳುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಆ ಶ್ಲೋಕದ ಮೊದಲ ಐದು ವರ್ಷಗಳಲ್ಲಿ ದಂಡಕ್ಕೆ ಎಡೆಯಿಲ್ಲ. ಎರಡನೆಯದಾಗಿ, ಅದು ಹೇಳುವುದು ಮಗನ ವಿಷಯವನ್ನು. ನೆರೆಯವನ ಮಗನ ವಿಷಯವನ್ನಲ್ಲ.

ಹಾಗಾದರೆ ನೆರೆಯವನಿಗೆ ಅಧಿಕಾರವೇ ಇಲ್ಲವೆ? ಇಲ್ಲವೆನ್ನಲು ಹಳ್ಳಿಯಲ್ಲಿ ಬೆಳೆದ ನನ್ನ ನಾಲಗೆ ಏಳುವುದಿಲ್ಲ. ಬಾವಿಯ ದಂಡೆಯ ಮೇಲೆ ನಡೆಯುತ್ತಿದ್ದ ನನ್ನನ್ನು ಎಳೆದು ಹಾಕಿ ಬೈದವಳು ಅವ್ವನಲ್ಲ, ನೀರಿಗೆ ಬಂದಿದ್ದ ಯಾರದೋ ತಾಯಿ. ಅವಳು ಬೈಯದೆ ನನ್ನ ತಂದೆತಾಯಿಗಳ ಅಪ್ಪಣೆಗೆ ಕಾದಿದ್ದರೆ ಈ ಲೇಖನವನ್ನು ಬರೆಯಲು ನಾನಿರುತ್ತಿರಲಿಲ್ಲ. ಮಗನನ್ನು ಶಾಲೆಗೆ ಸೇರಿಸಲು ಬಂದ ರೈತ, ‘ಬೇಕಾದರ ನಾಕು ಬಾರಿಸ್ರಿ, ಅಕ್ಷರ ಮಾತ್ರ ಕಲಸ್ರಿ’ ಎಂದು ಮಾಸ್ತರರಿಗೆ ಹೇಳಿ ಹೋಗುತ್ತಿದ್ದ ಕಾಲವೊಂದಿತ್ತು. ಆ ಅಧಿಕಾರವನ್ನು ಕಾನೂನು ಈಗ ಹಿಂತೆಗೆದುಕೊಂಡಿದೆ: 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು, ಅದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಓಣಿಗೆ ಅಂಥ ಪ್ರತ್ಯೇಕ ಕಾಯಿದೆಯಿಲ್ಲ. ಆದರೆ 1860ರ ಭಾರತೀಯ ದಂಡಸಂಹಿತೆಯ 89ನೆಯ ಕಲಮು ಹನ್ನೆರಡು ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕೆ ಕೆಲವು ಮಿತಿಗಳೊಳಗೆ ರಕ್ಷಣೆ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 27ನೆಯ ಕಲಮಾಗಿದೆ. ಅದರಲ್ಲಿಯೂ ಒಂದು ಷರತ್ತುಂಟು: ಆ ಕೃತ್ಯವನ್ನು ಪೋಷಕರೇ ಮಾಡಿರಬೇಕು, ಇಲ್ಲವೆ ಅವರ ಸಮ್ಮತಿಯಿಂದ ಮಾಡಿರಬೇಕು. ಆ ಸಮ್ಮತಿ ಬಾಯಿಬಿಟ್ಟು ಹೇಳಿದ್ದಾಗಬಹುದು, ಹೇಳದೆಯೇ ತಿಳಿದುಬರುವಂಥದೂ ಆಗಬಹುದು.

ಹೇಳದೆಯೇ ತಿಳಿದುಬರುವ ಸಮ್ಮತಿ! ನಮ್ಮ ಹಳ್ಳಿಗಳು ಶತಮಾನಗಳ ಕಾಲ ಮಕ್ಕಳನ್ನು ಬೆಳೆಸಿದ್ದು ಇದರ ಮೇಲೆಯೇ ಅಲ್ಲವೆ? ಯಾವ ತಾಯಿಯೂ ಪಕ್ಕದ ಮನೆಗೆ ಕರಾರುಪತ್ರ ಬರೆದುಕೊಟ್ಟಿರಲಿಲ್ಲ. ಬೈದವಳು ಅನಂತರ ಕರೆದು ಕೈಗೆ ರೊಟ್ಟಿ ಇಡುವಳೆಂಬ, ತನ್ನ ಮಗ ತಪ್ಪಿದಾಗಲೂ ಅಷ್ಟೇ ಬೈಯುವಳೆಂಬ ನಂಬಿಕೆಯೇ ಆ ಸಮ್ಮತಿ. ಆ ನಂಬಿಕೆ ಇರುವವರೆಗೆ ಗದರಿಕೆ ಬುದ್ಧಿ ಹೇಳುವುದಾಗುತ್ತದೆ. ನಂಬಿಕೆ ಹೋದಾಗ ಬುದ್ಧಿ ಕಲಿಸುವುದಾಗುತ್ತದೆ. ಈ ಎರಡು ನುಡಿಗಟ್ಟುಗಳ ನಡುವಿನ ದೂರವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಹುಲಿಹೈದರದಲ್ಲಿ ಆ ನಂಬಿಕೆಗೆ ಗಾಯವಾಗಿದೆ. 2022ರ ಆಗಸ್ಟ್ ತಿಂಗಳಲ್ಲಿ ಊರಿನ ಎರಡು ಗುಂಪುಗಳ ನಡುವೆ ಘರ್ಷಣೆ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. ಆ ದುಃಖದ ಕಾರಣಗಳನ್ನು ಇಲ್ಲಿ ಕೆದಕುವುದು ನನ್ನ ಉದ್ದೇಶವಲ್ಲ. ಆದರೆ ಅಂಥದೊಂದು ದಿನವನ್ನು ಕಂಡ ಊರಿನಲ್ಲಿ ಒಂದು ಓಣಿಯ ಕೈ ಇನ್ನೊಂದು ಓಣಿಯ ಮಗುವಿನ ಕೆನ್ನೆಗೆ ಬಿದ್ದರೆ ಅದು ಕೇವಲ ಕೈಯಾಗಿ ಉಳಿಯುವುದಿಲ್ಲ. ನಾನು ಚಪ್ಪಲಿ ಮೆಟ್ಟಿ ಸಿಟ್ಟಿನಲ್ಲಿ ಹೊರಟಿದ್ದರೆ ನನ್ನ ಹಿಂದೆ ಹತ್ತು ಜನ ಬರುತ್ತಿದ್ದರು. ಆತನ ಹಿಂದೆಯೂ ಹತ್ತು ಜನ ನಿಲ್ಲುತ್ತಿದ್ದರು. ಕಟ್ಟಿಗೆಯ ಎತ್ತಿನ ಮಾತು ಅವರಲ್ಲಿ ಒಬ್ಬರಿಗೂ ನೆನಪಿರುತ್ತಿರಲಿಲ್ಲ. ಅವ್ವ ಹೊಸ್ತಿಲಲ್ಲಿ ತಡೆದದ್ದು ನನ್ನೊಬ್ಬನನ್ನೇ ಅಲ್ಲವೆಂದು ನನಗೆ ಅರಿವಾದದ್ದು ತಡವಾಗಿ.

ದೀಪ ಹಚ್ಚುವ ಹೊತ್ತಿಗೆ ನಾನೊಬ್ಬನೇ ಆ ಮನೆಗೆ ಹೋದೆನು. ಮಗನನ್ನು ಕರೆದೊಯ್ಯಲಿಲ್ಲ, ದೊಡ್ಡವರ ಮಾತು ಯಾವ ದಿಕ್ಕಿಗೆ ತಿರುಗುವುದೋ ತಿಳಿಯದಿರುವಾಗ ಮಗುವನ್ನು ನಡುವೆ ನಿಲ್ಲಿಸಬಾರದು. ಆತ ನನಗಿಂತ ಹತ್ತು ವರ್ಷ ಕಿರಿಯ. ನನ್ನನ್ನು ಕಂಡು ಎದ್ದು ನಿಂತನು, ಮುಖ ಬಿಗಿದಿತ್ತು. ನಾನು ಮೊದಲು ಕೂಸಿನ ಗಾಯವನ್ನು ನೋಡಿದೆನು. ಹುಬ್ಬಿನ ಮೇಲೆ ಪಟ್ಟಿ. ಒಂದು ಬೆರಳಿನಷ್ಟು ಕೆಳಗೆ ಬಿದ್ದಿದ್ದರೆ ಕಣ್ಣು.

“ತಮ್ಮಾ, ನನ್ನ ಮಗ ತಪ್ಪು ಮಾಡ್ಯಾನ. ಔಷಧದ ಖರ್ಚು ನಂದು. ನಾಳೆ ಅವನನ್ನ ಕರಕೊಂಡು ಬಂದು ಕೂಸಿನ ಮುಂದ ನಿಲ್ಲಸ್ತೀನಿ,” ಎಂದೆನು. “ಆದರ ನಾಕು ವರ್ಷದ ಹುಡುಗನ ಮ್ಯಾಲ ನೀ ಕೈ ಮಾಡಬಾರದಿತ್ತು. ಕಿವಿ ಹಿಡದು ಮನಿಗೆ ತಂದು ನನ್ನ ಮುಂದ ನಿಲ್ಲಸಬೇಕಾಗಿತ್ತು.”

ಆತ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಅಣ್ಣಾರ, ರಕ್ತ ನೋಡಿ ಕಣ್ಣ ಹೋತೇನೋ ಅನ್ನಿಸ್ತು. ಯಾರ ಮಗ ಅಂತನೂ ನೋಡಲಿಲ್ಲ,” ಎಂದನು. ಒಳಗಿನಿಂದ ಅವನ ಹೆಂಡತಿಯ ಮಾತು ಕೇಳಿಸಿತು: “ನೋಡಿದ್ದರ ಹೊಡೀತಿರಲಿಲ್ಲೇನು?”

ಆ ಹೆಣ್ಣುಮಗಳ ಪ್ರಶ್ನೆಗೆ ನಮ್ಮಿಬ್ಬರಲ್ಲಿಯೂ ಉತ್ತರವಿರಲಿಲ್ಲ. ಕಾಲೇಜಿನ ಮಾಸ್ತರನ ಮಗನೆಂದು ತಿಳಿದಿದ್ದರೆ ಆತ ಹೊಡೆಯುತ್ತಿರಲಿಲ್ಲವೇನೋ. ಹಾಗಾದರೆ ಯಾರ ಮಗನನ್ನು ಹೊಡೆಯಬಹುದಾಗಿತ್ತು? ಕೇಳುವವರಿಲ್ಲದವನ ಮಗನನ್ನೆ? ‘ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು’ ಎಂಬ ಗಾದೆಯಲ್ಲಿ ‘ಕಂಡವರು’ ಯಾರೆಂದು ನಾವು ಯೋಚಿಸಿದ್ದೇವೆಯೆ?

ಅದನ್ನು ಯೋಚಿಸಿದಾಗ ನನ್ನ ಮನಸ್ಸು ನಮ್ಮದೇ ಜಿಲ್ಲೆಯ ಕುಷ್ಟಗಿ ತಾಲೂಕಿನ ಮಿಯಾಪುರಕ್ಕೆ ಹೋಯಿತು. 2021ರ ಸೆಪ್ಟೆಂಬರ್ ತಿಂಗಳ ಸಂಗತಿ. ದಲಿತ ಕುಟುಂಬವೊಂದರ ಎರಡು ವರ್ಷದ ಮಗುವಿನ ಹುಟ್ಟುಹಬ್ಬ. ತಂದೆ ಮಗುವನ್ನು ಕರೆದುಕೊಂಡು ಆಂಜನೇಯನ ಗುಡಿಯ ಹೊರಗೆ ನಿಂತು ಕೈಮುಗಿಯುತ್ತಿದ್ದನು. ಅಷ್ಟರಲ್ಲಿ ಮಳೆ ಬಂದಿತು. ಮಗು ಗುಡಿಯೊಳಗೆ ಓಡಿತು. ಎರಡು ವರ್ಷದ ಮಕ್ಕಳು ತೆರೆದ ಬಾಗಿಲನ್ನು ಕಂಡರೆ ಓಡುವುದು ಹಾಗೆಯೇ. ಊರಿನ ಕೆಲವರು ಸಭೆ ಸೇರಿದರು. ಗುಡಿ ಮೈಲಿಗೆಯಾಯಿತೆಂದೂ ಶುದ್ಧಿಗಾಗಿ ತಂದೆ 25,000 ರೂಪಾಯಿ ಕೊಡಬೇಕೆಂದೂ ವಿಧಿಸಿದರು. ಸಂಗತಿ ಹೊರಬಿದ್ದ ಮೇಲೆ ಪ್ರಕರಣ ದಾಖಲಾಗಿ ಐವರ ಬಂಧನವಾಯಿತು. ಅಧಿಕಾರಿಗಳು ಊರಿಗೆ ಹೋಗಿ ಅಸ್ಪೃಶ್ಯತೆ ಅಪರಾಧವೆಂದು ತಿಳಿಹೇಳಿದರು. ಸಂವಿಧಾನದ 17ನೆಯ ವಿಧಿ ಅದನ್ನು ರದ್ದುಗೊಳಿಸಿ ಆಗ ಎಪ್ಪತ್ತೊಂದು ವರ್ಷಗಳಾಗಿದ್ದವು.

ನನ್ನ ಮಗನ ಪ್ರಸಂಗವನ್ನು ಇದರೊಡನೆ ತೂಗಲು ನನಗೆ ಸಂಕೋಚವಾಗುತ್ತದೆ. ಅವನು ಕಲ್ಲು ಬೀಸಿದ್ದನು. ಆ ಮಗು ಯಾವ ತಪ್ಪನ್ನೂ ಮಾಡಿರಲಿಲ್ಲ. ಅವನ ಹಿಂದೆ ಎಂ.ಎ. ಓದಿದ ತಂದೆಯಿದ್ದನು, ಆ ತಂದೆಯ ಎದುರಿಗೆ ಒಂದು ಸಭೆಯೇ ಇತ್ತು. ಆದರೂ ಎರಡು ಪ್ರಸಂಗಗಳ ಬೇರಿನಲ್ಲಿ ಒಂದೇ ಪ್ರಶ್ನೆಯಿದೆ: ಊರಿನ ಮಕ್ಕಳನ್ನು ತಿದ್ದುವ ಅಧಿಕಾರ ಊರಿಗೆ ಎಲ್ಲಿಂದ ಬರುತ್ತದೆ? ಎತ್ತಿಕೊಂಡವರಿಗೆ ಗದರಿಸುವ ಹಕ್ಕುಂಟು. ಮುಟ್ಟಲಾರೆನೆಂದು ದೂರ ನಿಂತವರು, ಮಳೆಯಲ್ಲಿ ಓಡಿಬಂದ ಕೂಸಿಗೆ ಸೆರಗು ಹೊದಿಸಲಾರದವರು, ಆ ಕೂಸಿಗೆ ಯಾವ ಮರ್ಯಾದೆಯನ್ನು ಕಲಿಸಬಲ್ಲರು? ಅವರು ಹೇಳಿದ್ದು ಬುದ್ಧಿಯಲ್ಲ; ಕಲಿಸಹೊರಟ ಬುದ್ಧಿ. ಅದೂ ಮಗುವಿಗಲ್ಲ, ತಂದೆಗೆ. ಮಗುವಿನ ಹೆಜ್ಜೆ ಅದಕ್ಕೊಂದು ನೆವವಾಯಿತು.

ಆದುದರಿಂದ, ‘ಊರೇ ಮಗುವನ್ನು ಬೆಳೆಸುತ್ತಿದ್ದ ಆ ಸುವರ್ಣಕಾಲ’ ಎಂದು ನಿಟ್ಟುಸಿರು ಬಿಡುವ ನನ್ನಂಥವರು ಎಚ್ಚರಿಕೆಯಿಂದ ಮಾತನಾಡಬೇಕು. ಬಾವಿಯ ದಂಡೆಯಿಂದ ನನ್ನನ್ನು ಎಳೆದು ಹಾಕಿದ ತಾಯಿ ಎಲ್ಲ ಓಣಿಗಳ ಮಕ್ಕಳನ್ನೂ ಹಾಗೆಯೇ ಎಳೆದುಕೊಳ್ಳುತ್ತಿದ್ದಳೆ? ನನಗೆ ನಂಬಿಕೆಯಿಲ್ಲ. ಆದರೆ ಮಕ್ಕಳನ್ನು ಕಬ್ಬಿಣದ ಬಾಗಿಲಿನೊಳಗಿಟ್ಟು, ‘ನನ್ನ ಮಗನನ್ನು ಯಾರೂ ಏನೂ ಅನ್ನಬಾರದು’ ಎಂದು ಫಲಕ ತೂಗಿಸುವುದೂ ಉತ್ತರವಲ್ಲ. ಯಾರೂ ಏನೂ ಅನ್ನದ ಮಗುವನ್ನು ಬಾವಿಯ ದಂಡೆಯ ಮೇಲೆ ಯಾರು ತಡೆದಾರು? ಪರರ ಮಗುವನ್ನು ತಡೆಯಬೇಕು, ಮಾತಿನಿಂದ ತಿದ್ದಬೇಕು, ಹೆತ್ತವರಿಗೆ ತಿಳಿಸಬೇಕು. ಕೈಯನ್ನು ಮಾತ್ರ ಹಿಂದಿಟ್ಟುಕೊಳ್ಳಬೇಕು. ಗದರಿಸುವ ಮುನ್ನ, ಈ ಮಗು ಬೇರೊಬ್ಬರದಾಗಿದ್ದರೆ, ಉಳ್ಳವರದೋ ಇಲ್ಲದವರದೋ ಆಗಿದ್ದರೆ, ಇಷ್ಟೇ ಗದರಿಸುತ್ತಿದ್ದೆನೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಆ ಹೆಣ್ಣುಮಗಳು ಅಡುಗೆಮನೆಯಿಂದ ಕೇಳಿದ್ದೂ ಅದನ್ನೇ.

ಮರುದಿನ ನಾನು ಮಾತು ಕೊಟ್ಟಂತೆ ಮಗನನ್ನು ಕರೆದೊಯ್ದೆನು. ಅವನು ಕಟ್ಟಿಗೆಯ ಎತ್ತನ್ನು ತಾನಾಗಿಯೇ ಒಯ್ದು ಸಣ್ಣವನ ಮುಂದಿಟ್ಟನು. ಸಂಜೆಯವರೆಗೆ ಮಾತ್ರ ಎಂಬ ಕರಾರಿನ ಮೇಲೆ. ಎರಡು ಗಳಿಗೆಯಲ್ಲಿ ಇಬ್ಬರೂ ಅಂಗಳದ ಮಣ್ಣಿನಲ್ಲಿ ಹೊಲ ಹೂಡುತ್ತಿದ್ದರು. ಆ ಮನೆಯ ಯಜಮಾನ ಬೆಲ್ಲದ ಚೂರೊಂದನ್ನು ಹಿಡಿದು ನನ್ನ ಮಗನನ್ನು ಕರೆದನು. ಹುಡುಗ ಹೋಗಲಿಲ್ಲ, ನನ್ನ ಪಂಚೆಯ ಹಿಂದೆ ಸರಿದನು. ಆತ ಒತ್ತಾಯ ಮಾಡಲಿಲ್ಲ. ಬೆಲ್ಲವನ್ನು ಕಟ್ಟೆಯ ಮೇಲಿಟ್ಟು, ತಲೆ ತಗ್ಗಿಸಿ, ಹೊಲದ ಕಡೆಗೆ ನಡೆದನು.

ಆಮೇಲೆ ನಾವು ಎರಡು ಸಲ ಊರಿಗೆ ಹೋಗಿಬಂದಿದ್ದೇವೆ. ಮಕ್ಕಳಿಬ್ಬರೂ ಗೆಳೆಯರು. ಆದರೆ ನನ್ನ ಮಗ ಇಂದಿಗೂ ಆ ಮನೆಯ ಹೊಸ್ತಿಲು ದಾಟುವ ಮುನ್ನ ಅಂಗಳದಲ್ಲಿ ನಿಂತು, “ನಿಮ್ಮಪ್ಪ ಅದಾನೇನು?” ಎಂದು ಕೇಳಿಯೇ ಒಳಗೆ ಹೋಗುತ್ತಾನೆ.